ಮಿನಾರಕ್ಕೆ ಸಿಮೆಂಟು ಬೇಡವೆಂದ ಉಮ್ಮರ್ ಕುಂಞಿ

ಉಮ್ಮರ್ ಕುಂಞಿ ಮೇಸ್ತ್ರಿಯವರು ಬಹರೈನಿನ ನಮ್ಮ ಮನೆಗೆ ಮೊದಲ ಸಲ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಗೋಡೆಯ ಹತ್ತಿರ ಹೋದರು. ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಿದರು. ಆಮೇಲೆ ನನ್ನ ಹೆಂಡತಿ ಹರಿಣಾಕ್ಷಿಯ ಕಡೆಗೆ ತಿರುಗಿ, "ಅಕ್ಕ, ಈ ಕಪಾಟು ಇಲ್ಲಿಂದ ತೆಗೀರಿ. ಸಾರಣೆ ಒಳಗಿಂದ ಬಿಟ್ಟುಕೊಂಡಿದೆ" ಎಂದರು. ಚಹಾ ತಂದಿದ್ದ ಹರಿಣಾಕ್ಷಿಗೆ ಅದು ಅಷ್ಟು ಹಿಡಿಸಲಿಲ್ಲ. ಹೊಸ ಬಾಡಿಗೆ ಮನೆ, ಬಣ್ಣ ಹೊಡೆದು ತಿಂಗಳೂ ಆಗಿರಲಿಲ್ಲ. ಅವರು ಹೋದ ಮೇಲೆ, "ನಿಮ್ಮ ಸ್ನೇಹಿತರು ಕಾಗದ ಬರೆಸಲಿಕ್ಕೆ ಬಂದದ್ದೋ, ಮನೆಗೆ ಜ್ಯೋತಿಷ್ಯ ಹೇಳಲಿಕ್ಕೋ?" ಎಂದು ಕೇಳಿದಳು. ಕಪಾಟು ಅಲ್ಲಿಯೇ ಉಳಿಯಿತು. ಮುಂದಿನ ಬೇಸಗೆಯಲ್ಲಿ ಆ ಗೋಡೆಯ ಸಾರಣೆ ಹಪ್ಪಳದಂತೆ ಎದ್ದು ಕಪಾಟಿನ ಹಿಂದೆ ಉದುರಿತು. ಅಂದಿನಿಂದ ಹರಿಣಾಕ್ಷಿ ಅವರಿಗೆ ಚಹಾದ ಜೊತೆಗೆ ಎರಡು ಗೋಳಿಬಜೆ ಹೆಚ್ಚು ಇಡತೊಡಗಿದಳು.

ಅವರು ಮಂಗಳೂರಿನ ದಕ್ಷಿಣಕ್ಕಿರುವ ಉಚ್ಚಿಲದವರು. ಅವರ ತಂದೆ ಮರುವಾಯಿ ಎಂಬ ಕಡಲ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ, ಬೆಲ್ಲದ ನೀರು ಬೆರೆಸಿ, ಮಸೀದಿಗೂ ಇಗರ್ಜಿಗೂ ಊರ ಯಜಮಾನರ ಗುತ್ತಿನ ಮನೆಗೂ ಒಂದೇ ಶ್ರದ್ಧೆಯಿಂದ ಸಾರಣೆ ಮಾಡುತ್ತಿದ್ದವರು. ಮಗನು ಆ ಕೆಲಸವನ್ನು ಪೂರ್ತಿ ಕಲಿಯುವ ಹೊತ್ತಿಗೆ ಊರಿಗೆಲ್ಲ ಸಿಮೆಂಟು ಬಂದಿತ್ತು. ಎಪ್ಪತ್ತನಾಲ್ಕರಲ್ಲಿ ಉಮ್ಮರ್ ಕುಂಞಿ ಬಹರೈನಿಗೆ ಬಂದರು. ಒಂದು ಕಟ್ಟಡ ಕಂಪೆನಿಯಲ್ಲಿ ಕೆಲಸ, ಸಿತ್ರಾದ ಕ್ಯಾಂಪಿನಲ್ಲಿ ವಾಸ. ನಾನು ಆಗ ಅಲ್ಲಿನ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಜಿಂಜ್‌ನಲ್ಲಿ ಮನೆ ಮಾಡಿದ್ದೆ. ಶುಕ್ರವಾರಗಳಲ್ಲಿ ಊರವರಿಗೆ ಕಾಗದ, ಅರ್ಜಿ ಬರೆದುಕೊಡುವ ಅಭ್ಯಾಸವಿತ್ತು. ಅವರಿಗೂ ಹಾಗೆಯೇ ಬರೆಯುತ್ತಿದ್ದೆ. ಹೆಂಡತಿ ಐಸಮ್ಮನಿಗೆ ಅವರು ಹೇಳಿ ಬರೆಸುತ್ತಿದ್ದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯ ಮಾಡು, ಬಾವಿಯ ಕಟ್ಟೆ, ಹಟ್ಟಿಯ ಗೋಡೆಗಳ ಸಮಾಚಾರವೇ ಇರುತ್ತಿತ್ತು.

ನಾನು ಹೇಳಬೇಕೆಂದಿರುವುದು ಎಂಬತ್ತೊಂದನೆಯ ಇಸವಿಯ ಮಾತು.

ಮುಹರ್ರಕ್ ಬಹರೈನಿನ ಹಳೆಯ ಪಟ್ಟಣ. ಅಲ್ಲಿಯ ಓಣಿಗಳು ಒಂದಕ್ಕೊಂದು ಸುತ್ತಿಕೊಂಡು ಹೋಗಿ ಒಮ್ಮೆಲೇ ಒಂದು ಚೌಕಕ್ಕೆ ಬಂದು ಬಾಯಿಬಿಡುತ್ತವೆ. ಅಂಥದೊಂದು ಚೌಕದಲ್ಲಿ ಎತ್ತರದ ಮರದ ಬೆಂಚುಗಳ ಕಾಫಿ ಅಂಗಡಿ, ಒಂದು ಬೋರೆಮರ, ಅದರಾಚೆಗೆ ಒಂದು ಚಿಕ್ಕ ಮಸೀದಿ ಇದ್ದವು. ಮಸೀದಿಯ ಮಿನಾರ ನಮ್ಮ ಎಳೆಯ ತೆಂಗಿನ ಮರದಷ್ಟೇ ಎತ್ತರ. ಬುಡ ದಪ್ಪ, ಮೇಲೆ ಸಪೂರ, ತುದಿಯಲ್ಲಿ ಕೈಯಿಂದ ತಿದ್ದಿದಂಥ ಪುಟ್ಟ ಗುಮ್ಮಟ. ಅದರಲ್ಲಿ ಒಂದು ಗೆರೆಯೂ ನೇರವಾಗಿರಲಿಲ್ಲ. ಸಮುದ್ರದಿಂದ ಕಡಿದು ತಂದ ಹವಳದ ಕಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಸಾರಣೆ. ಕಟ್ಟಿದವರು ಯಾರೆಂಬುದನ್ನು ಹೇಳಬಲ್ಲವರು ಚೌಕದಲ್ಲಿ ಯಾರೂ ಉಳಿದಿರಲಿಲ್ಲ. ಬಿಸಿಲಿಳಿದ ಮೇಲೆ ಅದರ ನೆರಳು ಕಾಫಿ ಅಂಗಡಿಯ ಬೆಂಚುಗಳ ಮೇಲೆ ಬೀಳುತ್ತಿತ್ತು. ಮುದುಕರು ಆ ನೆರಳಿನ ಜೊತೆಗೇ ಜರುಗುತ್ತ ಡಾಮಿನೊ ಆಡುತ್ತಿದ್ದರು.

ಆ ಮಿನಾರದ ಸಾರಣೆ ಅಲ್ಲಲ್ಲಿ ಉದುರಿತ್ತು. ದುರಸ್ತಿಯ ಗುತ್ತಿಗೆ ಉಮ್ಮರ್ ಕುಂಞಿಯವರ ಕಂಪೆನಿಗೆ ಸಿಕ್ಕಿತು. ಹಳೆಯ ಸಾರಣೆಯನ್ನೆಲ್ಲ ಕೆತ್ತಿ, ತಂತಿಬಲೆ ಬಡಿದು, ಸಿಮೆಂಟು ಹಾಕಿ, ಉಪವಾಸದ ತಿಂಗಳು ಹಿಡಿಯುವ ಮೊದಲು ಬಣ್ಣ ಹೊಡೆದು ಬಿಟ್ಟುಕೊಡಬೇಕು. ಹೀಗೆಂದು ಕಾಗದದಲ್ಲಿ ಬರೆದಿತ್ತು. ಉಪವಾಸ ಜುಲೈ ಮೊದಲ ವಾರದಲ್ಲಿತ್ತು. ಕೆಲಸದ ಮೇಲ್ವಿಚಾರಕ ರಾಫೆಲ್. ಕಿನ್ನಿಗೋಳಿ ಕಡೆಯ ಕ್ರೈಸ್ತರು, ಒಳ್ಳೆಯ ಮನುಷ್ಯ, ಸ್ವಲ್ಪ ಗಾಬರಿಯ ಸ್ವಭಾವ. ಕರಾವಳಿಯ ರೂಢಿಯಂತೆ ಅವರು ಮುಸ್ಲಿಮರಾದ ಉಮ್ಮರ್ ಕುಂಞಿಯವರನ್ನು ಬ್ಯಾರಿಗಳೆಂದೂ, ಇವರು ಕ್ರೈಸ್ತರಾದ ಅವರನ್ನು ಪರ್ಬುಗಳೆಂದೂ ಕರೆಯುತ್ತಿದ್ದರು.

ಜೂನ್ ತಿಂಗಳ ಒಂದು ಗುರುವಾರ ನಮ್ಮ ಶಾಲೆಗೆ ಅರ್ಧ ದಿನ. ನಾನು ಊಟಕ್ಕೆ ಕೂರುವುದರಲ್ಲಿದ್ದೆ. ರಾಫೆಲರ ವ್ಯಾನು ಮನೆಯ ಮುಂದೆ ಬಂದು ನಿಂತಿತು.

"ಮಾಸ್ಟ್ರೇ, ಬೇಗ ಬನ್ನಿ ಮಾರಾಯ್ರೆ. ನಿಮ್ಮ ಬ್ಯಾರಿ ಮಿನಾರ ಹತ್ತಿ ಕೂತಿದ್ದಾರೆ. ಏಣಿಯನ್ನೂ ಮೇಲಕ್ಕೆ ಎಳ್ಕೊಂಡಿದ್ದಾರೆ."

"ಯಾಕೆ?"

"ಸಿಮೆಂಟು ಮುಟ್ಟುದಿಲ್ಲ ಅಂತೆ. ಬೇರೆಯವರು ಮುಟ್ಟಿದರೂ ಬಿಡುದಿಲ್ಲ ಅಂತೆ. ಇಂಜಿನಿಯರು ಬಂದು ಬೆಂಕಿ ಆಗಿದ್ದಾರೆ. ಇಳಿಯದಿದ್ದರೆ ವೀಸಾ ಕ್ಯಾನ್ಸಲ್. ನೀವು ಹೇಳಿದರೆ ಕೇಳಿಯಾರು."

ನಾನು ಹೇಳಿದರೆ ಕೇಳಿಯಾರೆಂಬ ನಂಬಿಕೆ ನನಗೇ ಇರಲಿಲ್ಲ. ಆದರೂ ಹೋದೆ.

ಚೌಕದಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ಡಾಮಿನೊ ನಿಂತಿತ್ತು. ಮಿನಾರದ ಸುತ್ತ ಕಟ್ಟಿದ್ದ ಅಟ್ಟಣಿಗೆಯ ತುದಿಯ ಹಲಗೆಯ ಮೇಲೆ, ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು, ಕಾಲು ಇಳಿಬಿಟ್ಟು ಉಮ್ಮರ್ ಕುಂಞಿ ಕುಳಿತಿದ್ದರು. ಏಣಿ ಅವರ ಪಕ್ಕದಲ್ಲಿ ಅಡ್ಡಲಾಗಿ ಮಲಗಿತ್ತು. ಕೆಳಗೆ ಕಂಪೆನಿಯ ಇಂಜಿನಿಯರ್ ಸಾಹೇಬರು ಕೈಗಡಿಯಾರವನ್ನೂ ಮಿನಾರವನ್ನೂ ನೋಡುತ್ತ ನಿಂತಿದ್ದರು.

"ಬ್ಯಾರಿಗಳೇ," ಎಂದು ರಾಫೆಲ್ ಕೂಗಿದರು. "ಮಾಸ್ಟ್ರು ಬಂದಿದ್ದಾರೆ. ಅವರ ಮುಖ ನೋಡಿಯಾದರೂ ಇಳೀರಿ."

"ಮಾಸ್ಟ್ರ ಮುಖ ಇಲ್ಲಿಂದ ಕಾಣುದಿಲ್ಲ ಪರ್ಬುಗಳೇ. ಮಂಡೆ ಮಾತ್ರ ಕಾಣ್ತದೆ. ಕೂದಲು ಹೋಗ್ತಾ ಉಂಟು ಅಂತ ಹೇಳಿ."

ನಮ್ಮ ಕಡೆಯ ಕೆಲಸಗಾರರು ಇಬ್ಬರು ಮೂವರು ನಕ್ಕರು. ನಾನು ಮೇಲೆ ನೋಡಿ, "ಉಮ್ಮರ್, ಬಿಸಿಲು ಜೋರಾಗಿದೆ. ಇಳಿದು ಬಂದು ಮಾತಾಡಿ" ಎಂದೆ.

"ಇಳಿದರೆ ಮಾತು ಮುಗೀತದೆ ಮಾಸ್ಟ್ರೆ. ಮೇಲೆ ಇದ್ದಷ್ಟು ಹೊತ್ತು ಮಾತಾಡ್ತಾರೆ." ಅವರು ಮಿನಾರದ ಮೈಯನ್ನು ಅಂಗೈಯಿಂದ ತಟ್ಟಿದರು. "ಈ ಕಲ್ಲು ಸಮುದ್ರದ್ದು. ಒಳಗೆ ಉಪ್ಪುಂಟು. ಅದು ಉಸಿರಾಡಬೇಕು. ಸಿಮೆಂಟು ಹಾಕಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಉಪ್ಪು ಹೊರಗೆ ಬರ್ಲಿಕ್ಕೆ ಆಗದೆ ಕಲ್ಲನ್ನೇ ತಿಂತದೆ. ನಾನು ಬಂದ ಹೊಸತರಲ್ಲಿ ಒಂದು ಮನೆಗೆ ಇದೇ ಕೈಯಲ್ಲಿ ಹಾಕಿದ್ದೆ. ಮೂರು ಬೇಸಗೆ ಕಳೆದು ಹೋಗಿ ನೋಡಿದರೆ ಗೋಡೆ ಇಲ್ಲ, ಸಿಮೆಂಟಿನ ಸಿಪ್ಪೆ ಮಾತ್ರ ನಿಂತಿತ್ತು. ಇನ್ನೊಂದು ಸಲ ಆ ಪಾಪ ಮಾಡುದಿಲ್ಲ. ಬೇಕಾದರೆ ಊರಿಗೆ ಕಳಿಸಿ."

ರಾಫೆಲ್ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಇಂಜಿನಿಯರರು ಮೇಸ್ತ್ರಿಯೊಬ್ಬನು ಇಂಜಿನಿಯರಿಗೆ ಕಲ್ಲಿನ ಪಾಠ ಹೇಳಬೇಕಾಗಿಲ್ಲವೆಂದೂ, ಐದು ನಿಮಿಷದಲ್ಲಿ ಇಳಿಯದಿದ್ದರೆ ನಾಳೆಯೇ ವಿಮಾನ ಹತ್ತಿಸುವುದಾಗಿಯೂ ಹೇಳಿದರು.

"ಎಂತ ಹೇಳ್ತಾರೆ?" ಎಂದು ಮೇಲಿನಿಂದ ಪ್ರಶ್ನೆ.

"ಒಳ್ಳೆಯದೆಂತ ಹೇಳ್ತಾರೆ ಮಾರಾಯ್ರೆ!" ಎಂದರು ರಾಫೆಲ್. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಅಷ್ಟರಲ್ಲಿ ಕಾಫಿ ಅಂಗಡಿಯಿಂದ ಹಾಜಿ ಮರ್ಜೂಕ್ ಎಂಬ ವೃದ್ಧರು ಕೋಲೂರಿಕೊಂಡು ಬಂದರು. ಮಸೀದಿಯ ಮೇಲ್ವಿಚಾರಣೆ ಅವರದೇ. ಯೌವನದಲ್ಲಿ ಹಡಗಿನಲ್ಲಿ ಬೊಂಬಾಯಿ, ಮಂಗಳೂರುಗಳಿಗೆ ಹೋಗಿ ಬಂದಿದ್ದರಿಂದ ಅವರಿಗೆ ಹಿಂದುಸ್ತಾನಿ ಬರುತ್ತಿತ್ತು. ಅವರು ಮಿನಾರದ ಬುಡಕ್ಕೆ ಬಂದು, "ಏ ಉಮರ್, ಸಿಮೆಂಟು ಗಟ್ಟಿಯಲ್ಲವೆ? ನಾಲ್ಕು ವರ್ಷದ ಹಿಂದೆ ಬುಡಕ್ಕೆ ನಾನೇ ಮುಂದೆ ನಿಂತು ಹಾಕಿಸಿದ್ದೇನೆ. ನೋಡು, ಒಂದು ಬಿರುಕಿಲ್ಲ" ಎಂದು ಕೋಲಿನಿಂದ ತೋರಿಸಿದರು. ಆಳೆತ್ತರದವರೆಗೆ ಬುಡಕ್ಕೆ ಸಿಮೆಂಟು ಸುತ್ತಿದ್ದುದು ನಿಜ.

ಉಮ್ಮರ್ ಕುಂಞಿ ಹಲಗೆಯಿಂದ ಬಗ್ಗಿ ಬುಡವನ್ನು ನೋಡಿದರು. ಆಮೇಲೆ ತಮ್ಮ ಹರಕು ಹಿಂದುಸ್ತಾನಿಯಲ್ಲಿ, "ಹಾಜಿ ಸಾಹೇಬ್, ಅದನ್ನು ಒಡೆದು ನೋಡಿ. ಒಳಗೆ ಕಲ್ಲು ಗಟ್ಟಿ ಇದ್ದರೆ ನಾನೇ ಇಳಿದು ಸಿಮೆಂಟು ಕಲಸುತ್ತೇನೆ" ಎಂದರು.

ಯಾರೋ ಹಾರೆ ತಂದರು. ಹಾಜಿಯವರು ಅದನ್ನು ಬೇರೆಯವರ ಕೈಗೆ ಕೊಡದೆ ತಾವೇ ಹಿಡಿದರು. ಮೊದಲ ಎರಡು ಏಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಹಾರೆ ಸಿಮೆಂಟನ್ನು ತೂತುಮಾಡಿ ಒಳಕ್ಕೆ ಹೋಯಿತು, ತಡೆಯೇ ಇಲ್ಲದಂತೆ ಒಂದು ಗೇಣು ಹೋಯಿತು. ಹೊರಕ್ಕೆಳೆದಾಗ ತೂತಿನಿಂದ ಅಕ್ಕಿಹಿಟ್ಟಿನಂಥ ಬಿಳಿಯ ಪುಡಿ ಸುರಿಯತೊಡಗಿತು. ಹಾಜಿಯವರು ಅದನ್ನು ಅಂಗೈಯಲ್ಲಿ ಹಿಡಿದು, ನಾಲಿಗೆಗೆ ಮುಟ್ಟಿಸಿ ನೋಡಿದರು. ಉಪ್ಪು. ಅವರು ಆ ಅಂಗೈಯನ್ನು ಇಂಜಿನಿಯರರ ಮುಂದೆ ಚಾಚಿ, "ಇದು ನಮ್ಮ ಮಸೀದಿ. ಸಿಮೆಂಟು ಹಾಕುವುದಾದರೆ ನಿಮ್ಮ ಅಟ್ಟಣಿಗೆ ಈಗಲೇ ಬಿಚ್ಚಿಕೊಂಡು ಹೋಗಿ. ಖಲಾಸ್" ಎಂದರು.

ಇಂಜಿನಿಯರರು ಆ ಪುಡಿಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ರಾಫೆಲರನ್ನು ಕರೆದು, ಹನ್ನೆರಡು ದಿನ ಕೊಡುತ್ತೇನೆ, ಹಳೆಯ ಕ್ರಮದಲ್ಲೇ ಮಾಡಲಿ, ಉಪವಾಸದ ಹಿಂದಿನ ದಿನ ಕೆಲಸ ಮುಗಿಯದಿದ್ದರೆ ಸಿಮೆಂಟೂ ಬರುತ್ತದೆ, ಆ ಮೇಸ್ತ್ರಿಯೂ ಹೋಗುತ್ತಾನೆ ಎಂದು ಹೇಳಿ ಕಾರು ಹತ್ತಿದರು.

ಆಗ ಏಣಿ ಕೆಳಗಿಳಿಯಿತು.

ಇಲ್ಲಿಗೆ ಗೆದ್ದರೆಂದು ನಾನು ತಿಳಿದೆ. ಆದರೆ ಮರುದಿನವೇ ಅವರು ನಮ್ಮ ಊರಿನ ಸುಣ್ಣದವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದರು.

ಆ ಮಿನಾರಕ್ಕೆ ಹಳಬರು ಹಾಕಿದ್ದುದು ಸುಣ್ಣವಲ್ಲ, ಜುಸ್. ಅಂದರೆ ಆ ನಾಡಿನಲ್ಲಿ ಸಿಗುವ ಜಿಪ್ಸಮ್ ಮಣ್ಣನ್ನು ಸುಟ್ಟು, ಕೋಲಿನಿಂದ ಬಡಿದು ಮಾಡಿದ ಪುಡಿ. ಒಂದು ಹಳ್ಳಿಯಲ್ಲಿ ಇನ್ನೂ ಅದನ್ನು ಸುಡುವವರಿದ್ದರು. ಹಾಜಿಯವರು ಹೇಳಿ ಕಳುಹಿಸಿದರು, ಇಪ್ಪತ್ತು ಚೀಲ ಬಂತು. ಬಿಳಿಯ ಪುಡಿಯನ್ನು ಕಂಡೊಡನೆ ಉಮ್ಮರ್ ಕುಂಞಿಯವರಿಗೆ ತಂದೆಯ ಕಾಲವೇ ಮರಳಿ ಬಂದಂತಾಗಿರಬೇಕು. ನಮ್ಮಲ್ಲಿ ಚಿಪ್ಪಿನ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಕೊಳೆಯಿಡುತ್ತಾರೆ. ಹೆಚ್ಚು ದಿನ ಇಟ್ಟಷ್ಟೂ ಅದು ಬೆಣ್ಣೆಯಂತಾಗುತ್ತದೆ. ಹಾಜಿಯವರನ್ನು ಕೇಳದೆಯೇ ಅವರು ಬೋರೆಮರದ ಬುಡದಲ್ಲಿ ಗುಂಡಿ ತೋಡಿಸಿದರು. ಸಿಹಿನೀರು ತರಿಸಿ ಬೆಲ್ಲ ಕರಗಿಸಿದರು. ಎಂಟು ಚೀಲ ಸುರಿದು, ತಾವೇ ಕಲಸಿ, ಸಲಿಕೆಯನ್ನು ಅದರಲ್ಲೇ ನೆಟ್ಟು, ಗೋಣಿ ಮುಚ್ಚಿ, "ಇನ್ನು ಎರಡು ದಿನ ಯಾರೂ ಮುಟ್ಟಬಾರ್ದು" ಎಂದು ಅಪ್ಪಣೆ ಕೊಟ್ಟು ಬಸ್ಸು ಹತ್ತಿದರು.

ಜುಸ್ ಎರಡು ದಿನ ಕಾಯುವ ವಸ್ತುವಲ್ಲ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ಕಲ್ಲಾಗುತ್ತದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಗೋಣಿ ಎತ್ತಿದಾಗ ಗುಂಡಿಯ ತುಂಬ ಒಂದೇ ಬಂಡೆ. ಸಲಿಕೆ ಅದರ ನಡುವೆ ನೆಟ್ಟಗೆ ನಿಂತಿತ್ತು, ಇಬ್ಬರು ಎಳೆದರೂ ಬರಲಿಲ್ಲ. ಬೆಲ್ಲದ ವಾಸನೆಗೆ ಮುಹರ್ರಕ್‌ನ ಇರುವೆಗಳೆಲ್ಲ ಅಲ್ಲಿ ಸಾಲುಗಟ್ಟಿದ್ದವು. ಕಾಫಿ ಅಂಗಡಿಯ ಮುದುಕರು ಬೆಂಚಿನಿಂದ ಎದ್ದುಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬ್ಯಾರಿಗಳೇ," ಎಂದರು ರಾಫೆಲ್, "ಇದಕ್ಕೆ ಒಂದು ಚೀಟಿ ಅಂಟಿಸುವ. ಉಚ್ಚಿಲದವರು ಕಟ್ಟಿದ ಎರಡನೇ ಮಿನಾರ ಅಂತ."

ಉಮ್ಮರ್ ಕುಂಞಿಯವರ ಮುಖ ಕಪ್ಪಿಟ್ಟಿತು. ಹನ್ನೆರಡರಲ್ಲಿ ಎರಡು ದಿನ ಹೋಗಿತ್ತು, ಇಪ್ಪತ್ತರಲ್ಲಿ ಎಂಟು ಚೀಲ ಹೋಗಿತ್ತು. "ನಗಾಡಿ ಪರ್ಬುಗಳೇ, ನಗಾಡಿ. ಹತ್ತು ದಿನ ಉಂಟು. ನಗುದು ಮುಗಿದ ಮೇಲೆ ಹಾಜಿಯವರನ್ನು ಕರೀರಿ" ಎಂದರು.

ಹಾಜಿ ಮರ್ಜೂಕರ ತಂದೆ ಜುಸ್ ಹಾಕುವ ಕೆಲಸದವರು. ಹುಡುಗನಾಗಿದ್ದಾಗ ತಂದೆಯಿಂದ ಕಲಿತ ಕೆಲಸ ಎಪ್ಪತ್ತು ದಾಟಿದ ಹಾಜಿಯವರಿಗೆ ಇನ್ನೂ ನೆನಪಿತ್ತು. ಅವರು ಒಂದು ಅಗಲ ಬಟ್ಟಲು ತರಿಸಿ ನೆಲದ ಮೇಲೆ ಕುಳಿತರು. ಎದುರಿಗೆ, ಮೂವತ್ತೈದು ವರ್ಷ ಕರಣೆ ಹಿಡಿದ ಉಮ್ಮರ್ ಕುಂಞಿ ಮೊದಲನೆಯ ತರಗತಿಯವರಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಂದು ಬಟ್ಟಲಿಗೆ ಇಷ್ಟೇ ಪುಡಿ. ನೀರು ಮೊದಲು, ಪುಡಿ ಆಮೇಲೆ. ಕಲಸಿದ್ದನ್ನು ಮತ್ತೆ ಕಲಸಬಾರದು. ಕರಣೆ ಬೇಡ, ಅಂಗೈಯಿಂದಲೇ ಒತ್ತಬೇಕು. ಬಿಗಿಯತೊಡಗಿದ ಮೇಲೆ ಮುಟ್ಟಿದರೆ ಸತ್ತುಹೋಗುತ್ತದೆ. ಮೊದಲ ಐದು ಬಟ್ಟಲು ಗೋಡೆ ಮುಟ್ಟುವ ಮೊದಲೇ ಕಲ್ಲಾದವು. ಪ್ರತಿ ಸಲವೂ ಹಾಜಿಯವರು, "ಮಾಫಿ, ಉಮರ್, ಮಾಫಿ," ಅಂದರೆ ಆಗಲಿಲ್ಲ, ಆಗಲಿಲ್ಲ, "ನಿನ್ನ ಕೈಗೆ ಇನ್ನೂ ನಿದ್ದೆ ಬಿಟ್ಟಿಲ್ಲ" ಎನ್ನುತ್ತಿದ್ದರು. ಆರನೆಯ ಬಟ್ಟಲು ಗೋಡೆಯ ಮೇಲೆ ನಿಂತಿತು.

ಆಮೇಲಿನ ದಿನಗಳನ್ನು ನಾನು ಅಲ್ಲಲ್ಲಿ ಮಾತ್ರ ನೋಡಿದ್ದೇನೆ. ಮೊದಲು ಬುಡದ ಸಿಮೆಂಟನ್ನು ಪೂರ್ತಿ ಕಿತ್ತು, ಹಿಟ್ಟಾಗಿದ್ದ ಕಲ್ಲು ತೆಗೆದು, ಒಂದು ಬಿದ್ದುಹೋದ ಮನೆಯ ಹವಳದ ಕಲ್ಲನ್ನು ತಂದು ಕೂರಿಸಿದರು. ಆಮೇಲೆ ತುದಿಯಿಂದ ಕೆಳಗೆ ಇಳಿಯುತ್ತ ಜುಸ್ ಹಾಕಿದರು. ಹಾಜಿಯವರು ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು, ತಾವೇ ಕಲಸಿದ ಬಟ್ಟಲುಗಳನ್ನು ಹಗ್ಗದಲ್ಲಿ ಮೇಲೆ ಕಳುಹಿಸುತ್ತಿದ್ದರು. ಚೀಲ ಸಾಲದೆ ಹೋದಾಗ ಡಾಮಿನೊ ಆಡುವವರೇ ಹಳ್ಳಿಗೆ ಹೋಗಿ ಹೊತ್ತು ತಂದರು. ರಾಫೆಲರು ಲೆವೆಲ್ ಹಿಡಿದು, ಒಂದು ಕಡೆ ಡೊಂಕಾಗಿದೆ, ನೇರ ಮಾಡಬಹುದಲ್ಲ ಎಂದಾಗ, "ನೂರಾರು ವರ್ಷ ಡೊಂಕಾಗಿಯೇ ನಿಂತದ್ದನ್ನು ನೇರ ಮಾಡ್ಲಿಕ್ಕೆ ನಾನು ಯಾರು ಪರ್ಬುಗಳೇ? ಆ ಲೆವೆಲ್ಲು ಒಳಗೆ ಇಡಿ" ಎಂದು ಉತ್ತರ ಬಂತು. ಉಪವಾಸದ ಹಿಂದಿನ ದಿನ ಮಧ್ಯಾಹ್ನ ಅಟ್ಟಣಿಗೆ ಬಿಚ್ಚಿದರು. ಇಂಜಿನಿಯರರು ಬಂದು ಸುತ್ತ ನಡೆದು, ತಟ್ಟಿ ನೋಡಿ ಕಾಗದಕ್ಕೆ ರುಜು ಹಾಕಿದರು.

ಆದರೆ ಕಂಪೆನಿಯ ಕಚೇರಿ ಮರೆಯಲಿಲ್ಲ. ಆಗಸ್ಟ್‌ನಲ್ಲಿ ವೀಸಾ ನವೀಕರಣದ ಸಮಯ ಬಂದಾಗ, ಮೇಲಧಿಕಾರಿಯ ಮಾತು ಮೀರಿ ಅಟ್ಟಣಿಗೆ ಹತ್ತಿ ಕೆಲಸ ನಿಲ್ಲಿಸಿದ್ದಕ್ಕೆ ಲಿಖಿತ ಕ್ಷಮಾಪಣೆ ಕೊಟ್ಟರೆ ಮಾತ್ರ ಮುಂದಿನ ಎರಡು ವರ್ಷ ಎಂದರು. ರಾಫೆಲರೇ ಆ ಸುದ್ದಿಯನ್ನು ತಂದು, ಅವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು.

"ನಾಲ್ಕು ಸಾಲು ಬರೀರಿ ಮಾಸ್ಟ್ರೇ," ಎಂದರು. "ಅಲ್ಲಿ ಯಾರೂ ಓದುದಿಲ್ಲ. ಫೈಲಿಗೆ ಹಾಕ್ತಾರೆ, ಅಷ್ಟೆ. ಕಿರಿ ಮಗಳ ಮದುವೆ ಇನ್ನೂ ಆಗ್ಬೇಕಲ್ಲ ಇವರಿಗೆ."

ನನಗೂ ಅದು ಸರಿಯೆನಿಸಿತು. ಇಂಗ್ಲಿಷಿನಲ್ಲಿ ಆದಷ್ಟು ಮೃದುವಾಗಿ ಬರೆದೆ. ನಡೆದದ್ದಕ್ಕೆ ವಿಷಾದಿಸುತ್ತೇನೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು. ಉಮ್ಮರ್ ಕುಂಞಿ ಕನ್ನಡದಲ್ಲಿ ಓದಿ ಹೇಳಿ ಎಂದರು. ಓದಿದೆ.

"ಈ ವಿಷಾದ ಯಾರದ್ದು ಮಾಸ್ಟ್ರೆ?"

"ನಿಮ್ಮದು ಅಂತ ಬರೆದದ್ದು."

"ನನ್ನದಲ್ಲ. ನಿಮ್ಮದಾದರೆ ನೀವೇ ಸೈನ್ ಹಾಕಿ."

"ಉಮ್ಮರ್, ಐಸಮ್ಮನವರಿಗೆ ಏನು ಹೇಳುತ್ತೀರಿ?"

"ಐಸಮ್ಮನಿಗೆ ನನ್ನ ಗುಣ ಇಪ್ಪತ್ತೆಂಟು ವರ್ಷದಿಂದ ಗೊತ್ತುಂಟು. ಹೊಸತಾಗಿ ಎಂತದೂ ಹೇಳ್ಲಿಕ್ಕಿಲ್ಲ." ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು. "ಬೇರೆ ಬರೀರಿ. ನಾನು ಹೇಳ್ತೇನೆ. ಎಂಟು ಚೀಲ ಜುಸ್ ಗುಂಡಿಗೆ ಹಾಕಿ ಹಾಳು ಮಾಡಿದ್ದು ನನ್ನ ತಪ್ಪು. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಮಾಡಿದೆ. ಅದಕ್ಕೆ ಹತ್ತು ಸಲ ಬೇಕಾದರೂ ಕ್ಷಮೆ ಕೇಳಿ. ಮಿನಾರ ಹತ್ತಿದ್ದಕ್ಕೆ ಒಂದಕ್ಷರ ಬೇಡ. ಇನ್ನೊಂದು ಮಿನಾರಕ್ಕೆ ಸಿಮೆಂಟು ತಂದರೆ ಅದನ್ನೂ ಹತ್ತುತ್ತೇನೆ. ಅದನ್ನೂ ಬರೀರಿ."

"ಅದು ಬೇಡ ಮಾರಾಯ್ರೆ!" ಎಂದು ರಾಫೆಲ್ ಎರಡೂ ಕೈ ಮುಗಿದರು.

"ಬರೀರಿ ಮಾಸ್ಟ್ರೆ."

ಬರೆದೆ. ನನ್ನ ಜೀವನದಲ್ಲಿ ಬರೆದ ಅರ್ಜಿಗಳಲ್ಲಿ ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಉಮ್ಮರ್ ಕುಂಞಿಯವರು ಅದರ ಕೆಳಗೆ ಮದ್ರಸದಲ್ಲಿ ಕಲಿತ ಅರಬಿ ಅಕ್ಷರಗಳಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು. ರಾಫೆಲರು ಅದನ್ನು ಮಡಚಿ ಕಿಸೆಗೆ ಹಾಕಿಕೊಳ್ಳುವಾಗ ತಲೆ ಅಲ್ಲಾಡಿಸುತ್ತಿದ್ದರು. ಆದರೆ ಒಂದಕ್ಷರವನ್ನೂ ಬದಲಿಸದೆ ಕಚೇರಿಗೆ ಕೊಟ್ಟರು, ಅದನ್ನು ನಾನು ಹೇಳಲೇಬೇಕು.

ಹತ್ತು ದಿನದೊಳಗೆ ವೀಸಾ ರದ್ದಾಯಿತು.

ವಿಮಾನ ನಿಲ್ದಾಣ ಮುಹರ್ರಕ್‌ನಲ್ಲೇ ಇದೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ರಾಫೆಲರ ವ್ಯಾನಿನಲ್ಲಿ ನಾವು ಮೂವರೂ ಹೊರಟೆವು. ಹರಿಣಾಕ್ಷಿ ಐಸಮ್ಮನಿಗೆಂದು ಖರ್ಜೂರದ ಡಬ್ಬಿ ಕೊಟ್ಟಿದ್ದಳು. ಉಮ್ಮರ್ ಕುಂಞಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಊರಿನಲ್ಲಿ ಮನೆಯ ಪಡುಗೋಡೆಯನ್ನು ಚಿಪ್ಪಿನ ಸುಣ್ಣದಲ್ಲೇ ಕಟ್ಟುತ್ತೇನೆಂದೂ, ಅಲ್ಲಿ ಮನೆಕೆಲಸ ನೋಡಿಕೊಳ್ಳುತ್ತಿದ್ದ ಬಾವನು ಈಗಾಗಲೇ ಸಿಮೆಂಟಿಗೆ ಹೇಳಿದ್ದರೆ ಅದನ್ನು ವಾಪಸು ಕಳುಹಿಸುತ್ತೇನೆಂದೂ ಹೇಳುತ್ತಿದ್ದರು. ಸೇತುವೆ ದಾಟಿ ಪಟ್ಟಣದೊಳಗೆ ಬಂದಾಗ ಮನೆಗಳ ಮೇಲಿನಿಂದ ಮಿನಾರದ ತುದಿ ಬಿಸಿಲಿನಲ್ಲಿ ಬೆಳ್ಳಗೆ ಕಂಡಿತು. ರಾಫೆಲರು ಗಾಡಿಯ ವೇಗ ಕಡಿಮೆ ಮಾಡಿದರು.

"ಒಂದು ಗಳಿಗೆ ಇಳಿದು ನೋಡ್ತೀರಾ ಬ್ಯಾರಿಗಳೇ? ಹೊತ್ತುಂಟು. ಹಾಜಿಯವರೂ ಕಾಫಿ ಅಂಗಡಿಯಲ್ಲಿ ಇದ್ದಾರು."

"ಹಾಜಿಯವರಿಗೆ ನಿನ್ನೆಯೇ ಸಲಾಂ ಹೇಳಿಯಾಗಿದೆ. ಗಾಡಿ ನಿಲ್ಲಿಸಬೇಡಿ."

"ಯಾಕೆ? ನಿಮ್ಮದೇ ಕೆಲಸ ಅಲ್ವಾ? ಕಡೆಯ ಸಲ ನೋಡ್ಲಿಕ್ಕೆ ಎಂತ?"

ಉಮ್ಮರ್ ಕುಂಞಿ ಮಿನಾರದ ಕಡೆಗೆ ನೋಡಲೇ ಇಲ್ಲ. ಮುಂದಿನ ರಸ್ತೆಯನ್ನು ನೋಡುತ್ತಲೇ ಹೇಳಿದರು:

"ಹತ್ತಿರ ಹೋದರೆ ಎಲ್ಲಿಯಾದರೂ ಒಂದು ಬಿರುಕು ಕಾಣ್ತದೆ ಪರ್ಬುಗಳೇ. ಬಿರುಕು ಕಂಡರೆ ನಾನು ಬಟ್ಟಲು ಕೇಳ್ತೇನೆ. ಆಮೇಲೆ ನಿಮ್ಮ ಕಂಪೆನಿಯವರು ನನ್ನನ್ನು ಕಳಿಸ್ಲಿಕ್ಕೆ ಇನ್ನೊಂದು ವಿಮಾನ ಹುಡುಕಬೇಕು."